ಹನ್ನೆರಡನೇ ಕಿಂಡಿ

ನನ್ನ ಫೋನಿನಲ್ಲಿ ಆಕೆಯ ಹೆಸರು ಇರಲಿಲ್ಲ. ‘ಗೋಡೆ, ದೇವದುರ್ಗ’ ಎಂದಿತ್ತು. ಮೊದಲ ಸಲ ನಂಬರು ಬರೆದುಕೊಂಡಾಗ ಹೆಸರು ಕೇಳುವಷ್ಟು ಸೌಜನ್ಯ ನನಗಿರಲಿಲ್ಲ. ಕೇಳಬೇಕು ಅನ್ನಿಸುವ ಹೊತ್ತಿಗೆ ಊರವರೊಂದಿಗೆ ನಾನೂ ‘ಮೆಂಬರವ್ವ’ ಎನ್ನಲು ಕಲಿತುಬಿಟ್ಟಿದ್ದೆ. ಮನೆಯಲ್ಲಿ ಫೋನು ಹೊಡೆದುಕೊಂಡರೆ ನನ್ನ ಹೆಂಡತಿ ಅದನ್ನು ಹಿಡಿದುಕೊಂಡು ಬಂದು, “ನಿಮ್ಮ ಗ್ವಾಡಿ ಕರಿಯಾಕತ್ತದ ನೋಡ್ರಿ” ಎನ್ನುತ್ತಿದ್ದಳು.

ಈ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಗೋಡೆ ಕರೆಯಿತು. “ಗಾಜು ಸೀಳ್ಯಾದ್ರಿ ಇಂಜಿನೇರಪ್ಪ. ಒಮ್ಮಿ ಬಂದು ನೋಡಿ ಹೋಗ್ರಿ.” ಬರೋ ವಾರ ಬರ್ತೀನಿ ಎಂದೆ. ರಾಯಚೂರಿನಿಂದ ದೇವದುರ್ಗವೇನು ಕಾಶಿಯಲ್ಲ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಿರುಗಿ ಬರಬಹುದು. ಆದರೆ ನಾನು ಹೋಗಲಿಲ್ಲ. ಆ ವಾರ ದಾಟಿ ಮತ್ತೊಂದು ವಾರ ನಡೆದಿತ್ತು, ರಾಯಚೂರಿನ ದೊಡ್ಡ ನಾಲೆಯ ಪಕ್ಕದ ಗೋಡೆ ಅಳೆಸುತ್ತ ನಿಂತಿದ್ದೆ, ಅದೇ ನಂಬರಿನಿಂದ ಆಕೆಯ ಸೊಸೆ ಮಾತಾಡಿದಳು. “ಅತ್ತಿ ಹೋಗ್ಯಾರ್ರಿ. ಮುಂಜಾನಿ ಚಾ ಕುಡುದು ಕುಂತಾಕಿ ಹಂಗ ಒರಗಿದ್ಲು. ನಿಮಗ ಹೇಳಬೇಕು ಅನ್ನಿಸ್ತು.” ಟೇಪು ಹಿಡಿದಿದ್ದವನಿಗೆ ಸುತ್ತಿಕೊಳ್ಳಲು ಹೇಳಿ ನಾನು ಆ ಗೋಡೆಯ ಮೇಲೇ ಕುಳಿತೆ.

ಯಾವ ಗಾಜು, ಅದು ಸೀಳಿದರೆ ಏನಾಗುತ್ತದೆ ಎಂದು ಹೇಳಬೇಕಾದರೆ ಹಿಂದಿನಿಂದ ಶುರು ಮಾಡಬೇಕು. ಹತ್ತು ಹನ್ನೊಂದು ವರ್ಷದ ಹಿಂದೆ ನಾನು ದೇವದುರ್ಗ ತಾಲ್ಲೂಕಿನ ಪಂಚಾಯಿತಿಗಳ ಕಾಮಗಾರಿ ನೋಡುವ ಕಿರಿಯ ಇಂಜಿನಿಯರಾಗಿ ಹೋದೆ. ಕೃಷ್ಣೆಯ ದಂಡೆಯ ಮೇಲೆ ಒಂದು ಊರು. ಊರಿನ ಕೆಳಗಿನ ಓಣಿಯ ಇಪ್ಪತ್ತು ಚಿಲ್ಲರೆ ಮನೆಗಳು ನಿಂತಿರುವುದೇ ಒಂದು ಕಲ್ಲುಗೋಡೆಯ ನೆತ್ತಿಯ ಮೇಲೆ. ಗೋಡೆಯ ಈಚೆ ಮನೆಗಳ ಮಣ್ಣು, ಆಚೆ ಹೊಳೆ. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರೆ ನೀರು ಗೋಡೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಕಟ್ಟಿಸಿದವರು ಯಾರೇ ಇರಲಿ, ಅದನ್ನು ಕಾಪಾಡಿಕೊಳ್ಳುವ ಭಾರ ಪಂಚಾಯಿತಿಯ ತಲೆಯ ಮೇಲಿತ್ತು, ಪಂಚಾಯಿತಿ ಅದನ್ನು ಮೆಲ್ಲಗೆ ಮೆಂಬರವ್ವನ ತಲೆಗೆ ಜಾರಿಸಿತ್ತು.

ಆಕೆಯನ್ನು ಮೊದಲು ನೋಡಿದ್ದು ಪಂಚಾಯಿತಿ ಸಭೆಯಲ್ಲಿ. ತೆಳ್ಳಗೆ, ಉದ್ದಕ್ಕೆ, ಐವತ್ತರ ಆಚೆಗಿನ ಹೆಂಗಸು. ಕುರ್ಚಿಯ ಅಂಚಿನ ಮೇಲೆ ಕುಳಿತಿದ್ದಳು, ಕೈಯಲ್ಲಿ ಮೊಳದುದ್ದದ ಕಬ್ಬಿಣದ ಸಲಾಕಿ. ಬೇರೆ ಮಹಿಳಾ ಸದಸ್ಯರ ಹಿಂದೆ ಅವರ ಗಂಡಂದಿರು ಕುಳಿತು ಉತ್ತರ ಕೊಡುತ್ತಿದ್ದರು. ಈಕೆಯ ಗಂಡ ಬಾಗಿಲಲ್ಲಿ ಇಣುಕಿದ. “ನೀ ಹೊರಗ ಕುಂದ್ರು. ಚುನಾವಣ್ಯಾಗ ನಿಂತಾಕಿ ನಾನ” ಎಂದಳು. ಆತ ಹೋಗಿ ಬೇವಿನ ಮರದ ಕೆಳಗೆ ಕುಳಿತ, ಮುಖದಲ್ಲಿ ಬೇಜಾರೇನೂ ಇರಲಿಲ್ಲ.

ಸಲಾಕಿ ಯಾಕೆ ಎಂದು ಕೇಳಿದೆ. “ಕಿಂಡಿ ತಗ್ಯಾಕ್ರಿ” ಎಂದು ಸಭೆ ಮುಗಿದ ಕೂಡಲೇ ನನ್ನನ್ನು ಗೋಡೆಗೆ ಕರೆದೊಯ್ದಳು. ಬುಡದಿಂದ ಆಳೆತ್ತರದಲ್ಲಿ ಒಂದು ಸಾಲು ಕಿಂಡಿಗಳಿದ್ದವು, ಒಳಗೆ ಸುಟ್ಟ ಮಣ್ಣಿನ ಕೊಳವೆ. ಗೋಡೆಯ ಹಿಂದಿನ ಮಣ್ಣಿನಲ್ಲಿ ಇಂಗಿದ ನೀರು ಹೊರಗೆ ಬರುವ ದಾರಿ ಅದು. ಇಷ್ಟು ನನಗೂ ಓದಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಆಕೆ ಅವುಗಳನ್ನು ಕರೆಯುವ ರೀತಿ. ಸಲಾಕಿ ತೂರಿಸಿ, ಕಸ ಕೆದಕಿ, “ಇದು ಹುಲಿಗೆವ್ವಂದು. ಇದು ಬಸ್ಸಮ್ಮಂದು. ಈ ರೇಣುಕವ್ವಂದು ಯಾವಾಗ್ಲೂ ಕಟ್ಟತದ, ಆಕಿ ಮೂಗಿನಂಗ” ಎನ್ನುತ್ತ ಮುಂದೆ ಹೋದಳು. ದೇವರ ಹೆಸರೋ ಎಂದುಕೊಂಡೆ. ಅಲ್ಲ. ಗೋಡೆ ಕಟ್ಟುವಾಗ ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದರು. ಮೇಸ್ತ್ರಿಯ ಹತ್ತಿರ ಅಳತೆಕೋಲು ಇರಲಿಲ್ಲ, ಇದ್ದರೂ ಅದನ್ನು ಬಳಸುವ ಮನಸ್ಸಿರಲಿಲ್ಲ. ಒಬ್ಬೊಬ್ಬ ಹೆಂಗಸು ನಿಂತ ಕಡೆ ಒಂದೊಂದು ಕೊಳವೆ ಇಟ್ಟುಬಿಟ್ಟ. ಇಳಿಜಾರಿನಲ್ಲಿ ಒತ್ತಾಗಿ ನಿಂತಿದ್ದರು, ಅಲ್ಲಿ ಕಿಂಡಿ ಒತ್ತಾಗಿವೆ. ಸಮ ನೆಲದಲ್ಲಿ ದೂರ ನಿಂತಿದ್ದರು, ಅಲ್ಲಿ ದೂರ.

ನನ್ನ ನಕ್ಷೆಯಲ್ಲಿ ಕಿಂಡಿಗಳು ಸಮ ಅಂತರದಲ್ಲಿ, ಮುತ್ತು ಪೋಣಿಸಿದಂತೆ ಇದ್ದವು. ಅದನ್ನು ತೋರಿಸಿದೆ. “ಅದು ಕಾಗದದಾಗಿನ ಗ್ವಾಡಿರಿ. ಇದು ನಾವು ಕಟ್ಟಿದ್ದು” ಎಂದಳು.

ಆಕೆಯ ಕಿಂಡಿ ಯಾವುದು ಎಂದು ಕೇಳಿದೆ. “ನನಗೆಲ್ಲೀದು? ನಾ ಹೊಸದಾಗಿ ಮದಿವ್ಯಾಗಿ ಬಂದಾಕಿ, ಕೆಳಗ ಹೊಳ್ಯಾಗ ಕುಂತು ಗುಂಡುಗಲ್ಲು ಬುಟ್ಟಿ ತುಂಬತಿದ್ದೆ. ಈ ಗ್ವಾಡಿ ಬೆನ್ನಿಗೆ ಹತ್ತಿದ್ದು ಮಣ್ಣಲ್ಲರಿ, ಎಲ್ಲಾ ನನ್ನ ಗುಂಡುಗಲ್ಲು, ಮಣ್ಣು ಅದರ ಹಿಂದ. ನೀರು ಅದರ ಸಂದ್ಯಾಗ ಹಾಯ್ದು ಕಿಂಡಿಗೆ ಬರ್ತದ.” ನನಗೆ ನಂಬಿಕೆ ಬರಲಿಲ್ಲ ಎಂದು ಮುಖ ನೋಡಿಯೇ ತಿಳಿದಿರಬೇಕು. ನಾನು ಮಾನ್ವಿಯ ಮೇಷ್ಟ್ರ ಮಗ. ಮಠದ ಮನೆತನ, ಎಲ್ಲಿ ಹೋದರೂ ಮನೆಯ ನೀರಿನ ಬಾಟಲಿ ನನ್ನ ಜೊತೆ. ಆಕೆ ಕೇಳದೆ ಬಾಟಲಿ ಕಿತ್ತುಕೊಂಡು ಮೇಲೆ ಹೋಗಿ, ಗೋಡೆಯ ಹಿಂದೆ ಒಂದು ಕುಣಿಯಲ್ಲಿ ಪೂರ್ತಿ ಸುರುವಿ ಬಂದಳು. ಜೊತೆಗೆ ಮನೆಯ ಎರಡು ಕೊಡವೂ ಖರ್ಚಾದವು. ಸ್ವಲ್ಪ ಹೊತ್ತಿಗೆ ಬಸ್ಸಮ್ಮನ ಕಿಂಡಿ ಒದ್ದೆಯಾಯಿತು, ಆಮೇಲೆ ಹನಿ. “ಮಾನ್ವಿ ನೀರು ಬಂತು ನೋಡ್ರಿ” ಎಂದಳು. ನನಗೆ ಸಿಟ್ಟು ಬಂದಿತ್ತು. ಈಗ ನೆನೆದರೆ ನಗು ಬರುತ್ತದೆ.

ಎಣಿಸಿದರೆ ಕಿಂಡಿ ಹನ್ನೊಂದೇ. ಆದರೆ ಬಂಡಿಯಿಂದ ಕೊಳವೆ ಹೊತ್ತು ತಂದದ್ದು ತಾನೇ, ಅವು ಹನ್ನೆರಡು ಇದ್ದವು ಎಂದು ಆಕೆ ಖಚಿತವಾಗಿ ಹೇಳುತ್ತಿದ್ದಳು. ಗೋಡೆ ಮುಗಿದ ಮೇಲೆ ಗಂಡ ಹೆಂಡತಿ ರಾಯಚೂರಿನ ಅಕ್ಕಿ ಗಿರಣಿಗೆ ದುಡಿಯಲು ಹೋಗಿ ಏಳೆಂಟು ವರ್ಷ ಅಲ್ಲೇ ಇದ್ದರು. ತಿರುಗಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಗೋಡೆಯ ಒಂದು ತುದಿಗೆ ಸಿಮೆಂಟಿನ ಗಿಲಾವು ಮಾಡಿ ಹನ್ನೆರಡನೆಯದನ್ನು ಮುಚ್ಚಿದ್ದರು. “ಅಲ್ಲಿ ಯಾರು ನಿಂತಿದ್ರು ಅಂತ ನೆನಪಾದ್ರ ಬೆರಳಿಟ್ಟು ತೋರಿಸ್ತಿದ್ದೆ. ನೆನಪಾಗವಲ್ದು.” ಆ ತುದಿಗೆ ಖಾಜಾಬಿ ಎಂಬಾಕೆಯ ಜಾಗವಿತ್ತಂತೆ. ಆದರೆ ಕೊಳವೆ ಇಡುವ ವಾರ ಖಾಜಾಬಿ ಬಾಣಂತನಕ್ಕೆ ತವರಿಗೆ, ಮಾನ್ವಿಗೆ ಹೋಗಿದ್ದಳು. “ಆಕಿ ಜಾಗಾ ಖಾಲಿ ಇತ್ತಲ್ರಿ. ಖಾಲಿ ಜಾಗಾದಾಗ ಕಿಂಡಿ ಹೆಂಗ ಇಡ್ತಾನ?” ಹಾಗಾಗಿ ಅಲ್ಲಿ ಬಿಟ್ಟು ಆ ತುದಿಯ ಉಳಿದೆಲ್ಲ ಕಡೆ ಆಕೆ ಹುಡುಕಿದ್ದಳು.

ಇನ್ನು ನನ್ನ ತಪ್ಪಿನ ಕಥೆ. ಮರು ವರ್ಷ ದೊಡ್ಡ ಅಧಿಕಾರಿಗಳು ಊರು ನೋಡಲು ಬರುವವರಿದ್ದರು, ಸ್ವಚ್ಛ ಊರೆಂದು ಬಹುಮಾನ ಸಿಗುವ ಆಸೆಯಿತ್ತು. ಕಿಂಡಿಗಳಿಂದ ಬಚ್ಚಲ ನೀರು ಒಸರಿ ಗೋಡೆ ಹಸಿರುಗಟ್ಟಿತ್ತು. ಒಮ್ಮೆ ಹಾವು ಕೂಡ ಹೊರಬಂದಿತ್ತು. ಅಧ್ಯಕ್ಷರು ಗೋಡೆಗೆ ಸಿಮೆಂಟು ಬಳಿಸಿ ನವಿಲು, ಕಮಲ, ನಾಲ್ಕು ಒಳ್ಳೆಯ ಮಾತು ಬರೆಸೋಣ ಎಂದರು. ಓಣಿಯವರಿಗೂ ಅದೇ ಬೇಕಿತ್ತು. “ಹೊಳಿ ತಡೀಲಿ ಅಂತ ಕಟ್ಟಿದ ಗ್ವಾಡಿಗೆ ತೂತ್ಯಾಕ್ರಿ? ತೂತಿನಾಗ ಹೊಳಿ ಒಳಗ ಬರ್ತದ” ಎಂದು ಒಬ್ಬ ಸದಸ್ಯ ಕೇಳಿದಾಗ ಎಲ್ಲರೂ ತಲೆಯಾಡಿಸಿದರು. ನಾನು ಓದಿದವನು, ಉತ್ತರ ಹೇಳಬೇಕಾದವನು. ಒಂದು ಮಳೆಗಾಲಕ್ಕೆ ಏನಾದೀತು ಎಂದು ಸುಮ್ಮನಾದೆ. ಮೆಂಬರವ್ವ ಮಾತ್ರ ಎದ್ದು ನಿಂತು, “ನಾ ಒಲ್ಲೆ ಅಂದೆ ಅಂತ ಬರ್ಕೋರಿ” ಎಂದಳು. ಬರೆದರು. ಆಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕುವವರೆಗೆ ಸಭೆ ಕಾಯಿತು. ಅಂದಾಜುಪಟ್ಟಿಗೆ ನಾನೂ ಸಹಿ ಹಾಕಿದೆ, ನನ್ನದು ಬೇಗ ಮುಗಿಯಿತು.

ಹನ್ನೊಂದೂ ಕಿಂಡಿ ಸಿಮೆಂಟಿನಡಿ ಮುಚ್ಚಿಹೋದವು. ಬಹುಮಾನ ಬಂತು. ಶ್ರಾವಣದಲ್ಲಿ ಹೊಳೆಯೂ ಬಂತು. ನೀರು ನವಿಲಿನ ಕುತ್ತಿಗೆಯವರೆಗೆ ಏರಿತು, ಐದು ದಿನ ಇಳಿಯಲಿಲ್ಲ, ಮೇಲೆ ಬಿಡದ ಮಳೆ. ಗೋಡೆ ಅಲುಗಲಿಲ್ಲ. ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ನಾನು ಮೆಂಬರವ್ವನ ಕಡೆ ನೋಡಿದೆ, ಸ್ವಲ್ಪ ಗತ್ತಿನಿಂದಲೇ. ಆಕೆ ಗೋಡೆಯ ನೆತ್ತಿಗೆ ಅಂಗೈ ಒತ್ತಿ, ಕೂಸಿಗೆ ಜ್ವರ ನೋಡುವಂತೆ ನೋಡುತ್ತಿದ್ದಳು. “ಹೊಳಿ ಬರೂವಾಗ ಗ್ವಾಡಿ ಬೀಳಂಗಿಲ್ರಿ ಇಂಜಿನೇರಪ್ಪ. ಆಗ ಹೊಳಿನ ಅದನ್ನ ಆತುಕೊಂಡಿರ್ತದ. ಹೋಗೂವಾಗ ನೋಡ್ರಿ.”

ಆರನೇ ದಿನ ಬೆಳಿಗ್ಗೆ ಮೇಲಿನ ಅಣೆಕಟ್ಟಿನ ಬಾಗಿಲು ಹಾಕಿದರು. ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯತೊಡಗಿತು. ಗೋಡೆಯ ಹಿಂದಿನ ಮಣ್ಣು ಮಾತ್ರ ನೀರು ಕುಡಿದು ಉಬ್ಬಿ ಅಲ್ಲೇ ನಿಂತಿತ್ತು. ಹತ್ತು ಗಂಟೆಗೆ ಕಮಲದ ಮಧ್ಯೆ ಒಂದು ಗೆರೆ ಕಾಣಿಸಿತು. ಹನ್ನೊಂದಕ್ಕೆ ಗೋಡೆಗೆ ಹೊಟ್ಟೆ ಬಂದದ್ದು ಕಣ್ಣಿಗೇ ತಿಳಿಯುತ್ತಿತ್ತು. ಮೇಲೆ ಇಪ್ಪತ್ತು ಮನೆ. ಜನರನ್ನು ಶಾಲೆಗೆ ಸಾಗಿಸಿ ಎಂದು ಕೂಗಿದೆ. ನಕ್ಷೆ ಹಿಡಿದು ಕೆಳಗಿಳಿದು, ಕಿಂಡಿ ಇರಬೇಕಾದ ಕಡೆ ಹಾರೆ ಹಾಕಿಸಿದೆ. ಇಡೀ ಕಲ್ಲು. ಇನ್ನೊಂದು ಕಡೆ ಹಾಕಿಸಿದೆ. ಅಲ್ಲೂ ಕಲ್ಲು.

ಮೆಂಬರವ್ವ ಸೀರೆ ಕಚ್ಚೆ ಹಾಕಿ ಮೊಣಕಾಲುಮಟ್ಟದ ನೀರಿಗೆ ಇಳಿದಳು. “ಬುಟ್ಟಿ ದಾಟಸಾಕ ನಿಂತಂಗ ನಿಂದರ್ರೆ” ಎಂದು ಓಣಿಯ ಹೆಂಗಸರನ್ನು ಕರೆದಳು. ಹಳಬರಲ್ಲಿ ಉಳಿದಿದ್ದವರು ಮೂರೇ ಮಂದಿ, ಮಿಕ್ಕವರು ಸೊಸೆಯರು, ಮೊಮ್ಮಕ್ಕಳು. “ನೀ ಹುಲಿಗೆವ್ವನ ಸೊಸಿ, ಇಲ್ಲಿ ಬಾ. ಇನ್ನಷ್ಟು ಇತ್ತಾಗ. ಆಕಿ ಎಡಗೈಯಾಕಿ, ಒಂದು ಹೆಜ್ಜಿ ಒತ್ತಿ ನಿಲ್ತಿದ್ಲು.” ಒಬ್ಬೊಬ್ಬರು ನಿಂತ ಎದುರಿಗೆ ಹಾರೆ ಬಿತ್ತು. ಮೊದಲ ಏಟಿಗೇ ಸಿಮೆಂಟು ಒಡೆದು ಕೊಳವೆ ಕಂಡಿತು. ಕೆಂಪು ನೀರು ನವಿಲಿನ ಹೊಟ್ಟೆಯಿಂದ ಚಿಮ್ಮಿ ನನ್ನ ಅಂಗಿಗೆ ರಾಚಿತು. ಎರಡನೆಯದು, ಮೂರನೆಯದು. ಉಬ್ಬಿದ ಗೋಡೆಯ ಕೆಳಗೆ ನಿಂತು ಆ ಹೆಂಗಸರು ಮಧ್ಯಾಹ್ನದೊಳಗೆ ಹನ್ನೊಂದನ್ನೂ ತೆರೆದರು. ಗೋಡೆ ನಿಂತಿತು.

ಎಲ್ಲ ಮುಗಿದು ಕಟ್ಟೆಯ ಮೇಲೆ ಕುಳಿತಾಗ ಆಕೆ ಮನೆಯ ಕೊಡದಿಂದ ತಂಬಿಗೆ ತುಂಬಿ ತಂದು ಸುಮ್ಮನೆ ನನ್ನ ಮುಂದೆ ಹಿಡಿದಳು. ಗಟಗಟ ಕುಡಿದೆ. ಇದನ್ನು ದೊಡ್ಡಸ್ತಿಕೆಯಾಗಿ ಹೇಳುತ್ತಿಲ್ಲ, ಬಾಯಾರಿತ್ತು. “ನಿಮ್ಮ ನೀರು ನಮ್ಮ ಗ್ವಾಡಿ ಕುಡುದಿತ್ತು. ಈಗ ಬರೋಬ್ಬರಿ ಆತು” ಎಂದಳು. ನನ್ನ ಸಹಿಯ ಬಗ್ಗೆ ಅಂದು ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಆದರೆ ಹನ್ನೆರಡನೆಯದು ಸಿಗದ ತುದಿಯಲ್ಲಿ ಹೊಟ್ಟೆ ಹಾಗೇ ಉಳಿಯಿತು, ಒಂದು ಬಿರುಕೂ ಉಳಿಯಿತು. ಕುರುಡಾಗಿ ಅಗೆದರೆ ಗೋಡೆಯೇ ಸಡಿಲಾದೀತು ಎಂದು ಹೆದರಿದೆ. ದೇವದುರ್ಗದ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಗೇಣುದ್ದದ ಗಾಜಿನ ಪಟ್ಟಿ ಕೊಯ್ಯಿಸಿ, ಬಿರುಕಿಗೆ ಅಡ್ಡ ಸಿಮೆಂಟಿನಿಂದ ಅಂಟಿಸಿದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ, ದಿನಾ ನೋಡುತ್ತಿರಿ ಎಂದೆ. ಆಕೆ ದಿನಾ ನೋಡಿದಳು. ನನಗೆ ವರ್ಗವಾಗಿ ರಾಯಚೂರಿಗೆ ಬಂದ ಮೇಲೂ, ಆಕೆಯ ಸದಸ್ಯತ್ವ ಮುಗಿದ ಮೇಲೂ, ಹೊಳೆ ಇಳಿದ ಮಾರನೇ ದಿನ ಫೋನು ಬರುತ್ತಿತ್ತು. “ಗಾಜು ನೆಟ್ಟಗ ಅದರಿ.” ಅಷ್ಟೇ ಮಾತು, ಇಟ್ಟುಬಿಡುತ್ತಿದ್ದಳು.

ಒಮ್ಮೆ ಮಾತ್ರ ನಾನೇ ಫೋನು ಮಾಡಿದ್ದೆ. ತರಬೇತಿಗೆಂದು ನಮ್ಮನ್ನು ಕರಾವಳಿಯ ಒಂದು ಸಣ್ಣ ಪಟ್ಟಣಕ್ಕೆ ಕಳಿಸಿದ್ದರು. ಅಲ್ಲಿನ ಪುರಸಭೆ ಸಮುದ್ರದ ಗೋಡೆಯನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ತೋರಿಸುತ್ತಿದ್ದರು. ಬಂಡೆಯ ಮೇಲೆ ನಿಂತು, ಅಲೆಯ ಸದ್ದು ಕೇಳಿಸಲೆಂದು ಫೋನು ಎತ್ತಿ ಹಿಡಿದೆ.

“ಅದಕ್ಕೂ ಗ್ವಾಡಿ ಅದ ಏನ್ರಿ?”

“ಅದ. ಕಿಂಡೀನೂ ಅದಾವ.”

“ಕಸ ತೆಗೀತಾರಂತೇನು?”

“ತೆಗೀತಾರಂತ. ಇಲ್ಲಿ ಸಮುದ್ರ ದಿನಕ್ಕ ಎರಡು ಸಲ ಏರಿ ಎರಡು ಸಲ ಇಳೀತದ ಮೆಂಬರವ್ವ.”

“ದಿನಾ ಎರಡು ಸಲ ಬಿಟ್ಟು ಹೋಗ್ತದ? ಯವ್ವಾ, ಆ ಗ್ವಾಡಿ ಪಾಡೇನ್ರಿ” ಎಂದಳು. ಅಲ್ಲಿನ ಇಂಜಿನಿಯರು ಅರ್ಧ ದಿನ ಪಾಠ ಹೇಳಿದ್ದನ್ನು ಆಕೆ ಸಮುದ್ರವನ್ನೇ ನೋಡದೆ ಹೇಳಿ ಮುಗಿಸಿದ್ದಳು.

ಸೊಸೆಯ ಫೋನು ಬಂದ ಮೂರನೇ ದಿನಕ್ಕೆ ಊರಿಗೆ ಹೋದೆ. ಅಂಗಳದಲ್ಲಿ ಚಾಪೆ ಹಾಸಿದ್ದರು. ಒಳಗೆ ಬುದ್ಧನ ಪಟದ ಪಕ್ಕದಲ್ಲಿ ಆಕೆಯ ಪಟ, ಅದರ ಕೆಳಗೆ ಸಲಾಕಿಯನ್ನೂ ತೊಳೆದು ಇಟ್ಟಿದ್ದರು. ಆಕೆಯ ಗಂಡ ನನ್ನ ಕೈ ಹಿಡಿದು, “ನಿಮ್ಮ ಹಾದಿ ನೋಡಿದ್ಲು” ಎಂದ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹೊರಗೆ ಬಂದು ಗೋಡೆಗೆ ಇಳಿದೆ. ಗಾಜು ಎರಡು ತುಂಡಾಗಿತ್ತು, ಮಧ್ಯದಲ್ಲಿ ಉಗುರು ಹೋಗುವಷ್ಟು ಸಂದು. ಇನ್ನೊಂದು ತಿಂಗಳಲ್ಲಿ ಹೊಳೆ ಬರುತ್ತದೆ. ಬಂದದ್ದು ಹೋಗುತ್ತದೆ. ಆ ತುದಿಯ ನೆತ್ತಿಯ ಮೇಲಿರುವುದು ಆಕೆಯದೇ ಮನೆ.

ಓಣಿಯ ಹೆಂಗಸರೂ ಹಿಂದೆಯೇ ಇಳಿದು ಬಂದಿದ್ದರು. ಅವರ ನಡುವೆ ಕೋಲು ಊರಿಕೊಂಡ ಒಬ್ಬ ಮುದುಕಿ, ಮಾನ್ವಿಯಲ್ಲಿ ಮಗಳ ಮನೆಯಲ್ಲಿ ಇದ್ದವಳು ಸಾವಿನ ಸುದ್ದಿ ಕೇಳಿ ಕಲ್ಲೂರಿನ ಮೇಲೆ ಎರಡು ಬಸ್ಸು ಬದಲಿಸಿ ಬಂದಿದ್ದಳು. ಆಕೆಯೇ ಖಾಜಾಬಿ. ಹನ್ನೆರಡನೆಯದು ಸಿಗದ ಕಥೆಯನ್ನು ನಾನು ಸೊಸೆಗೆ ಹೇಳುತ್ತಿದ್ದೆ. ಖಾಜಾಬಿಯ ಜಾಗ ಖಾಲಿ ಇತ್ತಂತಲ್ಲ, ಅಲ್ಲಿ ಇರಲಾರದು ಎಂದೆ.

“ಖಾಲಿ ಅಂತ ಯಾರು ಅಂದ್ರು?” ಎಂದಳು ಮುದುಕಿ.

“ಮೆಂಬರವ್ವ ತಾನ ಹೇಳಿದ್ಲಲ್ಲ” ಎಂದೆ.

“ಝೂಟ್. ಸಾಲಿನಾಗ ಜಾಗಾ ಖಾಲಿ ಬಿದ್ರ ಕೂಲಿ ಹಚ್ಚೋ ಮುಕಾದಮ ಬ್ಯಾರೇದಾಕಿನ್ನ ತಗೋತಿದ್ದ. ನನ್ನ ಕೆಲಸ ಹೋಗ್ತಿತ್ತು. ನಾ ತವರಿಗೆ ಹೋಗಬೇಕಾದ್ರ ಆಕಿನ ಬಂದು ಅಂದ್ಲು, ನೀ ಹೋಗಿ ಹಡದು ಬಾ, ನಿನ್ನ ಜಾಗಾದಾಗ ನಾ ನಿಲ್ತೀನಿ ಅಂತ. ಕೆಳಗ ಓಡಿ ಬುಟ್ಟಿ ತುಂಬೋದು, ಮ್ಯಾಲೆ ಓಡಿ ಬಂದು ನನ್ನ ಜಾಗಾದಾಗ ನಿಂದರೋದು. ನಾ ಬರೂತನಾ ಹಂಗ ಮಾಡ್ಯಾಳ. ಇಲ್ಲಿ ಬಾಜೂಕ ಬೇವಿನ ಗಿಡ ಇತ್ತು.” ಕೋಲು ಎತ್ತಿ ಗೋಡೆಗೆ ಮುಟ್ಟಿಸಿದಳು. “ಇಲ್ಲಿ.”

ಎಡಗೈಯಾಕೆ ಯಾರು, ಯಾರು ಎಷ್ಟು ಒತ್ತಿ ನಿಲ್ಲುತ್ತಿದ್ದರು ಎಂಬುದನ್ನೆಲ್ಲ ನೆನಪಿಟ್ಟ ಹೆಂಗಸು, ತಾನು ಇನ್ನೊಬ್ಬಳಿಗಾಗಿ ನಿಂತದ್ದನ್ನು ಪೂರ್ತಿ ಮರೆತಿದ್ದಳು. ಜಾಗ ಉಳಿದದ್ದು ಖಾಜಾಬಿಗೆ ಗೊತ್ತಿತ್ತು, ಉಳಿಸಿದವಳಿಗೆ ಅದು ಖಾಲಿ ಜಾಗವಾಗಿಯೇ ಕಂಡಿತ್ತು. ಸೊಸೆ ಒಳಗೆ ಹೋಗಿ ಪಟದ ಕೆಳಗಿನ ಸಲಾಕಿ ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಅವಳಿಗೇ ತಿರುಗಿ ಕೊಟ್ಟೆ.

ಗಿಲಾವು ಗಟ್ಟಿಯಾಗಿತ್ತು, ಹತ್ತಿಪ್ಪತ್ತು ಏಟು ಬೇಕಾದವು. ಆಮೇಲೆ ಸುಟ್ಟ ಮಣ್ಣಿನ ಕೊಳವೆಯ ಅಂಚು, ಒಳಗೆ ಕಪ್ಪು ಹೂಳು. ಸಲಾಕಿ ಮೊಳದುದ್ದ ಹೋಗಿ ಗುಂಡುಗಲ್ಲಿಗೆ ತಾಗಿ ಟಣ್ ಎಂದಿತು. ಮೊದಲು ಕೆಸರು ಬಂತು, ಬಹಳ ಹೊತ್ತು ಕೆಸರೇ ಬಂತು. ಕೊನೆಗೆ ತೆಳ್ಳಗೆ, ಬೆರಳು ದಪ್ಪ, ನೀರು.

“ಇದನ್ನ ಮೆಂಬರವ್ವನ ಕಿಂಡಿ ಅನ್ನೋಣ್ರಿ” ಎಂದಿತು ಒಂದು ಹುಡುಗಿ. ಖಾಜಾಬಿ ಅಲ್ಲವೆಂದು ತಲೆಯಾಡಿಸಿದಳು. “ಆಗೆಲ್ಲಿ ಮೆಂಬರ್ ಇದ್ಲು? ಹದಿನೆಂಟರ ಹುಡುಗಿ ಆಕಿ” ಎಂದು, ಆಕೆಯ ಹೆಸರು ಹೇಳಿದಳು. ಓಣಿಯ ಸಣ್ಣವರು ಆ ಹೆಸರನ್ನು ಮೊದಲ ಸಲ ಕೇಳಿದಂತೆ ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ಮೊದಲ ಸಲವೇ ಕೇಳಿದ್ದು, ಸಭೆಯ ಪುಸ್ತಕದಲ್ಲಿ ಆಕೆ ಕೂಡಿಸಿದ ಅಕ್ಷರಗಳನ್ನು ಅಂದು ಓದಿರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಈಗ ಆ ಗೋಡೆಯಲ್ಲಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಫೋನು ತೆಗೆದು ‘ಗೋಡೆ, ದೇವದುರ್ಗ’ ಎಂಬುದನ್ನು ಅಳಿಸಿ ಆ ಹೆಸರು ಬರೆದುಕೊಂಡೆ. ಹೊರಡುವ ಮುಂಚೆ ಹೊಸ ಗಾಜು ಅಂಟಿಸಿದ್ದೆ.

ಹೊಳೆ ಈ ಸಲವೂ ಬಂತು. ಟಿವಿಯಲ್ಲಿ ತುಂಬಿದ ಕೃಷ್ಣೆಯನ್ನು ತೋರಿಸಿದರು, ಅಣೆಕಟ್ಟಿನ ಬಾಗಿಲು ಹಾಕಿದ್ದನ್ನು ತೋರಿಸಲಿಲ್ಲ. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ನನ್ನ ಹೆಂಡತಿ ಅದನ್ನು ಹಿಡಿದು ಬಂದು, ಪರದೆಯ ಮೇಲಿನ ಹೆಸರು ಓದಿ, “ಯಾರ್ರೀ ಇವರು?” ಎಂದಳು. ಆ ಹೆಸರು ಬೆಳಗುವುದನ್ನು ನಾನೂ ಅಂದೇ ಮೊದಲು ನೋಡಿದ್ದು, ಎತ್ತಲು ಎರಡು ಕ್ಷಣ ಬೇಕಾಯಿತು.

“ನಾನ್ರಿ, ಸೊಸಿ” ಎಂದಿತು ಆ ಕಡೆಯ ದನಿ. “ಹೊಳಿ ಇಳದು ಹೋತು. ಗಾಜು ನೆಟ್ಟಗ ಅದರಿ.”

ಅಷ್ಟೇ ಹೇಳಿ ಇಟ್ಟುಬಿಟ್ಟಳು.